ಹಂಚಿನ ಬೆನ್ನ ಮೇಲಿನ ಇಸವಿ

ಹಳೇ ಮನೆ ಕೊಂಡು, ಸುಣ್ಣಬಣ್ಣ ಮಾಡಿಸಿ, ಆರೇ ತಿಂಗಳಲ್ಲಿ ಮಾರಿದರೆ ಕೂತಲ್ಲೇ ಲಾಭ ಅಂತ ನನ್ನ ತಲೆಗೆ ಹುಳ ಬಿಟ್ಟವನು ನನ್ನ ಭಾಮೈದ. ಅವನೇ ಇನ್ನೂ ಬಾಡಿಗೆ ಮನೆಯಲ್ಲಿದ್ದಾನೆ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು.

ಮನೆ ಸಿಕ್ಕಿದ್ದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ. ಮುಂದೆ ಜಗಲಿ, ನಡುವೆ ರೆಡ್ ಆಕ್ಸೈಡ್ ನೆಲದ ಹಜಾರ, ಹಿಂದೆ ಹಂಡೆ ಹೂತ ಬಚ್ಚಲು. ಕಟ್ಟಿದ್ದು 1936ರಲ್ಲಿ ಎಂದು ಪತ್ರ ಹೇಳುತ್ತಿತ್ತು. ಇ.ಸಿ. ತೆಗೆಸಿದೆವು, ಖಾತೆ ನೋಡಿದೆವು. ವಕೀಲರು ವಂಶವೃಕ್ಷ ಹಿಡಿದುಕೊಂಡು ಯಾವ ಯಾವ ಊರಲ್ಲೋ ಇದ್ದ ಹೆಣ್ಣುಮಕ್ಕಳನ್ನೆಲ್ಲ ಕರೆಸಿ ರುಜು ಹಾಕಿಸಿದರು. ಕಾಗದದ ಮಟ್ಟಿಗೆ ಎಲ್ಲ ಗಟ್ಟಿ. ಗೋಡೆ ಗಟ್ಟಿಯೋ ಅಲ್ಲವೋ ಎನ್ನುವ ಕಾಗದವನ್ನು ಮಾತ್ರ ಯಾವ ಕಚೇರಿಯಲ್ಲೂ ಕೊಡುವುದಿಲ್ಲ.

ಮೊದಲ ದಿನ ಮೇಸ್ತ್ರಿ ಕ್ಯಾಲೆಂಡರಿನ ಮೊಳೆ ಕಿತ್ತ. ಮೊಳೆಯ ಜೊತೆ ಮೊರದಗಲ ಗಾರೆ ಬಂತು. ಗಾರೆಯ ಹಿಂದೆಯೇ ಮಣ್ಣು ಬಂತು. ಮಣ್ಣು ಸುರಿದು ಮುಗಿದಾಗ ಆಚೆ ಕೋಣೆಯಲ್ಲಿ ಕಾಫಿ ಹೀರುತ್ತಿದ್ದ ಭಾಮೈದ ಕಂಡ.

“ಬುಡಿ ಸಾ, ನೋಡ್ಕಳಾದ” ಎಂದ ಮೇಸ್ತ್ರಿ. ಆ ಒಂದು ‘ನೋಡ್ಕಳಾದ’ಕ್ಕೆ ಎಂಬತ್ತು ಸಾವಿರವಾಯಿತು.

ತಪ್ಪು ಗೋಡೆಯದಲ್ಲ. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಹಿಂದೆ ಇದ್ದವರು ಯಾರೋ ಅಂದವಾಗಲಿ ಎಂದು ಅದರ ಮೇಲೆ ಸಿಮೆಂಟು ಬಳಿಸಿ, ಮೇಲೊಂದು ಪ್ಲಾಸ್ಟಿಕ್ ಪೇಂಟ್ ಹೊಡೆಸಿದ್ದರು. ತೇವಕ್ಕೆ ಹೊರಗೆ ದಾರಿಯಿಲ್ಲದೆ ಒಳಗೇ ಸಂಸಾರ ಹೂಡಿತ್ತು. ಅದನ್ನೆಲ್ಲ ಕೆತ್ತಿ ತೆಗೆದು ಮತ್ತೆ ಸುಣ್ಣಕ್ಕೇ ಬರಬೇಕಾಯಿತು: ಮರಳು, ಇಟ್ಟಿಗೆ ಪುಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಇಡೀ ಹೂಡಿಕೆಯಲ್ಲಿ ಕೈಗೆ ಲಾಭ ಕಂಡವು ಇರುವೆಗಳು ಮಾತ್ರ.

ಆಮೇಲೆ ಮಾಡು. ಇಳಿಸಿದ ಹಂಚೊಂದನ್ನು ಭಾಮೈದ ತಿರುಗಿಸಿ ನೋಡಿ ಕುಣಿದಾಡಿದ. ಬೆನ್ನ ಮೇಲೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಎಂದಿತ್ತು. “ಭಾವ, ನೂರೈವತ್ತು ವರ್ಷಕ್ಕೂ ಹಳೇ ಮಾಲು! ರೇಟು ಏರಿಸಿ!” 1865 ಎನ್ನುವುದು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾದ ಇಸವಿ, ಹಂಚು ಸುಟ್ಟ ಇಸವಿಯಲ್ಲ ಎಂದು ಅವನಿಗೆ ಹೇಳಲು ಸಂಕಟವಾಯಿತು. ಹೇಳುತ್ತಿದ್ದಾಗಲೇ ನನಗೆ ಇನ್ನೊಂದು ಹೊಳೆಯಿತು. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹಾಗಿದ್ದ ಮೇಲೆ 1936ರ ಮನೆಗೆ ಮಿಷನ್ ಮುದ್ರೆಯ ಹಂಚು ಎಲ್ಲಿಂದ ಬಂತು? ಕಟ್ಟಿಸಿದ ಪುಣ್ಯಾತ್ಮ ಯಾವುದೋ ಹಳೇ ಮನೆಯ ಹಂಚನ್ನು ಅಗ್ಗಕ್ಕೆ ಹೊಡೆದಿರಬೇಕು. ಅವನಿಗೂ ಒಬ್ಬ ಭಾಮೈದ ಇದ್ದಿರಬೇಕು.

ಆರು ತಿಂಗಳು ಹತ್ತೊಂಬತ್ತಾಯಿತು. ಆಡಿಟರ್ ಹತ್ತಿರ ಹೋದೆ. ಇಪ್ಪತ್ತನಾಲ್ಕು ತಿಂಗಳು ತುಂಬುವ ಮುಂಚೆ ಮಾರಿದರೆ ಬಂದ ಲಾಭ ಸಂಬಳದ ಜೊತೆ ಸೇರಿ ಸ್ಲ್ಯಾಬಿನ ಲೆಕ್ಕದಲ್ಲಿ ತೆರಿಗೆ, ತುಂಬಿದ ಮೇಲಾದರೆ ಶೇ. 12.5 ಎಂದರು. ಮನೆ ಸುಧಾರಿಸಿದ ಖರ್ಚು ಕಳೆಯಬಹುದು, ಬಿಲ್ಲು ಕೊಡಿ ಎಂದರು. ಮೇಸ್ತ್ರಿ ಬೀಡಿ ಕಟ್ಟಿನ ಕಾಗದದಲ್ಲಿ ಬರೆದುಕೊಟ್ಟಿದ್ದ ಲೆಕ್ಕ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಓದಿದರು. “ಬೆಲ್ಲ ಹನ್ನೆರಡು ಕೇಜಿ... ಇದು ಮನೆಯದೋ, ಮದುವೆಯದೋ?”

ಕೊನೆಗೂ ಒಬ್ಬರು ನೋಡಲು ಬಂದರು. ತೆಂಗಿನೆಣ್ಣೆ ಹಾಕಿ ಉಜ್ಜಿಸಿದ್ದ ಹಜಾರದ ನೆಲದಲ್ಲಿ ಅವರ ಮುಖ ಕಾಣುತ್ತಿತ್ತು. ಅವರು ಕೆಳಗೆ ನೋಡಲೇ ಇಲ್ಲ. ಗೇಟಿನಿಂದ ಹಿತ್ತಲವರೆಗೆ ಹೆಜ್ಜೆ ಹಾಕಿ ಎಣಿಸಿದರು.

“ನಲವತ್ತು ಅರವತ್ತು, ಅಲ್ವಾ? ಸೈಟಿನ ರೇಟಷ್ಟೇ ಹೇಳಿ ಸಾರ್. ಕೆಡವೋ ಖರ್ಚು ನಮ್ಮದೇ.”

ನನ್ನ ಬಾಯಿ ಒಣಗಿತು. ಭಾಮೈದ ಮೆಲ್ಲಗೆ ಕಿವಿಯ ಹತ್ತಿರ ಬಂದ.

“ಹಂಚು ಬಿಟ್ಟುಕೊಡಬೇಡಿ ಭಾವ. ಹಳೇ ಹಂಚಿಗೆ ಈಗ ಒಳ್ಳೇ ರೇಟಿದೆ.”