ಹವ್ಯಾಸಿ ಈಜುಗಾರ ಲಕ್ಷಣ ನಿರ್ಣಯ

ವಿಘ್ನೇಶ್ವರನನ್ನು ನೆನೆದು, ವರುಣನಿಗೂ ಕ್ಲೋರಿನ್ನಿಗೂ ವಂದಿಸಿ ಈ ಶಾಸ್ತ್ರವನ್ನು ಆರಂಭಿಸುತ್ತೇವೆ. ವಿಷಯ: ನಲವತ್ತು ದಾಟಿದ ಗೃಹಸ್ಥನು ಟ್ರಯಥ್ಲಾನ್ ಎಂಬ ವ್ರತ ಹಿಡಿದು ಈಜು ಕಲಿಯುವುದು. ಪ್ರಯೋಜನ: ತಿಳಿದುಬಂದಿಲ್ಲ. ಅಧಿಕಾರಿ: ನಸುಕಿನ ಐದರ ಅಲಾರಾಮಿಗೆ ಎಚ್ಚರವಾಗುವವರು, ಅಂದರೆ ಮುಖ್ಯವಾಗಿ ಅವನ ಹೆಂಡತಿ. ಸಂಬಂಧ: ಸದ್ಯಕ್ಕೆ ಅಷ್ಟಕ್ಕಷ್ಟೆ.

ಇನ್ನು ಲಕ್ಷಣ. ಹವ್ಯಾಸಿಯನ್ನು ನೀರಿಗಿಳಿಯುವ ಮೊದಲೇ ಗುರುತಿಸಬಹುದು. ಸದಾಶಿವನಗರದಲ್ಲೋ ಬಸವನಗುಡಿಯಲ್ಲೋ 50 ಮೀಟರಿನ ಕೊಳದ ಅಂಚಿಗೆ ದೊಡ್ಡ ಜಾಲರಿ ಚೀಲ ಹೊತ್ತು ಬರುವವನು ಅವನೇ. ಚೀಲದಲ್ಲಿ ಕಿಕ್‌ಬೋರ್ಡ್, ಪುಲ್‌ಬಾಯ್, ಕೈಗೆ ಪ್ಯಾಡಲ್, ಕಾಲಿಗೆ ಫಿನ್, ಮೂಗಿಗೆ ಕ್ಲಿಪ್ಪು. ಅದೇ ಲೇನಿನಲ್ಲಿ ಅವನನ್ನು ಮೇಲಿಂದ ಮೇಲೆ ದಾಟಿ ಹೋಗುವ ಒಂಬತ್ತರ ಹುಡುಗಿಯ ಬಳಿ ಒಂದು ಟೋಪಿ, ಒಂದು ಗಾಗಲ್ಸ್. ಸಾಮಗ್ರಿ ಹೆಚ್ಚಿದಷ್ಟೂ ವೇಗ ಕುಗ್ಗುತ್ತದೆಂಬ ಪ್ರಥಮ ಸೂತ್ರ ಇಲ್ಲಿಗೆ ಸಿದ್ಧವಾಯಿತು.

ತೊಡೆಗಳ ನಡುವೆ ಸಿಕ್ಕಿಸಿಕೊಳ್ಳುವ ಪುಲ್‌ಬಾಯ್ ಕುರಿತು ಪೂರ್ವಪಕ್ಷವೊಂದಿದೆ. ‘ಬಾವಿಗೆ ಬೀಳುವಾಗ ನಾವು ಸೊಂಟಕ್ಕೆ ಕಟ್ಕೋತಿದ್ದ ಸೋರೆ ಬುರುಡೇನೇ ಅಲ್ವೇನೋ ಇದು?’ ಎಂದು ಊರಿನ ದೊಡ್ಡಪ್ಪ ಆಕ್ಷೇಪಿಸುತ್ತಾರೆ. ಆಕ್ಷೇಪ ನಿಲ್ಲುವುದಿಲ್ಲ. ಬುರುಡೆ ಹಿತ್ತಲಲ್ಲಿ ಬಿಡುತ್ತದೆ, ಪುಲ್‌ಬಾಯ್‌ಗೆ ದುಡ್ಡು ಕೊಡಬೇಕು. ಅಲ್ಲದೆ ಬುರುಡೆ ಆಳನ್ನು ತೇಲಿಸುತ್ತದೆ. ಪುಲ್‌ಬಾಯ್ ಅವನ ಕಾಲು ಮುಳುಗುವ ಸತ್ಯವನ್ನು ಅವನಿಂದಲೇ ಮುಚ್ಚಿಡುತ್ತದೆ.

ಆ ಕಾಲುಗಳಲ್ಲೇ ಈ ಶಾಸ್ತ್ರದ ತಿರುಳಿದೆ. ಗಾಳಿ ತುಂಬಿದ ಶ್ವಾಸಕೋಶ ಇರುವುದು ಎದೆಯಲ್ಲಿ, ಭಾರ ಇರುವುದು ಕೆಳಗೆ. ಉಸಿರಿಗೆಂದು ತಲೆ ಎತ್ತಿದ ಕೂಡಲೇ ಸೊಂಟ ಇಳಿಯುತ್ತದೆ, ಮೈ ಓರೆಯಾಗಿ ನಿಂತು ಎದುರಿನ ನೀರನ್ನೆಲ್ಲ ತಳ್ಳತೊಡಗುತ್ತದೆ. ನೀರೋ ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಇಮ್ಮಡಿಯಾದರೆ ಅದರ ತಡೆ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ, ಕ್ಷಣಕ್ಷಣಕ್ಕೆ ವ್ಯಯವಾಗುವ ಶಕ್ತಿ ಎಂಟು ಪಟ್ಟು. ‘ಬಲ ಹಾಕಬೇಡಿ ಸಾರ್, ತಲೆ ತಗ್ಗಿಸಿ, ನೀರೊಳಗೇ ಉಸಿರು ಬಿಡಿ’ ಎಂದು ಕೋಚು ದಿನಾ ಬೇಡಿಕೊಳ್ಳುತ್ತಾರೆ. ಬಲ ಹಾಕಿ, ತಲೆ ಎತ್ತಿಯೇ ಮ್ಯಾನೇಜರ್ ಆದವನಿಗೆ ಈ ಉಪದೇಶ ಹಿಡಿಸುವುದಾದರೂ ಹೇಗೆ? ಅವನು ನೀರೊಳಗೆ ಉಸಿರು ಕಟ್ಟುತ್ತಾನೆ; ಬಾಯಿ ಮೇಲೆ ಬರುವ ಅರೆಗಳಿಗೆಯಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮುಗಿಸಲು ಹೋಗಿ ಕೊಳವನ್ನು ಕುಡಿಯುತ್ತಾನೆ.

ಕುಡಿದ ಮೇಲೆ ಗೋಡೆ. ಈ ದರ್ಶನದಲ್ಲಿ ದಣಿವೆಂಬ ಪದಾರ್ಥವೇ ಇಲ್ಲ, ಗಾಗಲ್ಸಿಗೆ ನೀರು ನುಗ್ಗುವುದೊಂದೇ ಇದೆ. ಗಾಗಲ್ಸ್ ಬಿಚ್ಚಿ, ಎಂಜಲು ಹಚ್ಚಿ ಒರೆಸಿ, ಪಟ್ಟಿ ಬಿಗಿದು, ಮತ್ತೆ ಸಡಿಲಿಸುವಷ್ಟರಲ್ಲಿ ಎದೆಬಡಿತ ಹತೋಟಿಗೆ ಬರುತ್ತದೆ. ಅಷ್ಟು ಹೊತ್ತೂ ಕೈಗಡಿಯಾರವನ್ನು ನಿಲ್ಲಿಸಿರುತ್ತಾನೆ. ಗಡಿಯಾರದ ಪ್ರಕಾರ ಅವನು ಗೋಡೆ ಮುಟ್ಟಿಯೇ ಇಲ್ಲ.

ಈಜುವವನು ಬೆವರುತ್ತಾನೆಯೇ ಎಂಬುದು ಮುಂದಿನ ಪ್ರಶ್ನೆ. ಕ್ರೀಡಾವೈದ್ಯರು ಹೌದೆನ್ನುತ್ತಾರೆ. ರನ್ನ ಹತ್ತನೆಯ ಶತಮಾನದಲ್ಲೇ ಇದನ್ನು ತೀರ್ಮಾನಿಸಿದ್ದ: ‘ಗದಾಯುದ್ಧ’ದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿ ನೀರಲ್ಲೇ ಬೆವರುತ್ತಾನೆ. ಆದರೆ ಕೌರವನಿಗೆ ಜಲಸ್ತಂಭನ ಮಂತ್ರ ಗೊತ್ತಿತ್ತು, ಪ್ರವೇಶ ಶುಲ್ಕವೂ ಇರಲಿಲ್ಲ. ನಮ್ಮವನನ್ನು ಬೆವರಿಸುವುದು ರೇಸಿನಲ್ಲಿ ಈಜು ಮುಗಿಸಲು ಕೊಟ್ಟ ಗಡುವು, ಅಂದರೆ ಕಟ್‌ಆಫ್.

1978ರಲ್ಲಿ ಹವಾಯಿಯಲ್ಲಿ 15 ಮಂದಿ ಹೊರಟು 12 ಮಂದಿ ಮುಗಿಸಿದ ಟ್ರಯಥ್ಲಾನಾದ ಐರನ್‌ಮ್ಯಾನ್‌ನ ಅರ್ಧ ಅಳತೆಯ ರೇಸು 2019ರಲ್ಲಿ ಗೋವಾಕ್ಕೆ ಬಂತು; ನಮ್ಮವನ ವ್ರತ ಅದೇ. ಈಜು 1.9 ಕಿ.ಮೀ., ಸೈಕಲ್ 90, ಓಟ 21.1. ಒಟ್ಟು 113ರಲ್ಲಿ ಈಜಿನ ಪಾಲು ನೂರಕ್ಕೆ ಎರಡೂ ಇಲ್ಲ. ನಮ್ಮವನ ಮಾತಿನಲ್ಲಿ ಮಾತ್ರ ಉಳಿದೆರಡಕ್ಕೆ ಜಾಗವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಈ ರೇಸನ್ನು ಮುಗಿಸಿದ ಮೇಲಂತೂ ‘ಕೆಲಸ ಬಿಟ್ಟು ಇದೇನು?’ ಎನ್ನುವ ಮನೆಯವರ ಬಾಯಿ ಮುಚ್ಚಿಸಲು ಒಂದು ಹೆಸರು ಸಿಕ್ಕಿತು.

ರೇಸು ನಡೆಯುವ ಗೋವಾದ ಮೀರಾಮಾರ್ ಕಡಲಲ್ಲಿ ಹಿಡಿಯಲು ಗೋಡೆಯಿಲ್ಲ, ತಳದಲ್ಲಿ ದಾರಿ ತೋರುವ ಕಪ್ಪು ಗೆರೆಯಿಲ್ಲ. ಕೋಚು ವರ್ಷವಿಡೀ ಹೇಳಿ ಸೋತ ಕಾಲುಗಳನ್ನು ಉಪ್ಪುನೀರು ತುಸು ಎತ್ತಿಕೊಡುತ್ತದೆ, ಅಷ್ಟೇ ಉಪಕಾರ. ದಾರಿಗುರುತಿಗೆ ತೇಲಿಬಿಟ್ಟ ಬಾಯ್ ಕಡೆ ಹೊರಟವನು ಮೀನುಗಾರರ ದೋಣಿಯ ಕಡೆ ಸಾಗಿ, ಬೈಸಿಕೊಂಡು ತಿರುಗಿ, 1.9ನ್ನು 2.3 ಮಾಡಿಕೊಳ್ಳುತ್ತಾನೆ. ಇದು ದೋಷವಲ್ಲ, ಸಂಪ್ರದಾಯ. 1875ರ ಆಗಸ್ಟಿನಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಮ್ಯಾಥ್ಯೂ ವೆಬ್ 33 ಕಿ.ಮೀ. ಜಲಸಂಧಿಯಲ್ಲಿ ಉಬ್ಬರವಿಳಿತಕ್ಕೆ ಸಿಕ್ಕಿ ಸುಮಾರು 64 ಕಿ.ಮೀ. ಸಾಗಿದ್ದ. 21 ಗಂಟೆ 45 ನಿಮಿಷ, ಅದೂ ಬ್ರೆಸ್ಟ್‌ಸ್ಟ್ರೋಕಿನಲ್ಲಿ, ನಡುನಡುವೆ ಬ್ರಾಂದಿ ಗುಟುಕರಿಸುತ್ತ. ನಮ್ಮವನು ವೆಬ್‌ನಿಂದ ಸೊಟ್ಟದಾರಿಯೊಂದನ್ನೇ ಕಲಿತ.

ಸಿದ್ಧಾಂತ ಇಷ್ಟು. 1.9 ಕಿ.ಮೀ.ಗೆ 70 ನಿಮಿಷದ ಗಡುವೆಂದರೆ 100 ಮೀಟರಿಗೆ 3 ನಿಮಿಷ 41 ಸೆಕೆಂಡು. ಮೊದಲ ತಿಂಗಳೇ ಅವನ ಗಡಿಯಾರ 3.30 ತೋರಿಸಿತ್ತು, ಈಗ 2.50 ತೋರಿಸುತ್ತದೆ, ಗೋಡೆಯ ಹೊತ್ತು ಸೇರಿಸಿದರೆ ಆಗ 4.40, ಈಗ 3.35. ಪ್ರಗತಿ ಆಗಿರುವುದು ನಿಜ, ಅವನು ಹೇಳಿಕೊಳ್ಳುವ ಜಾಗದಲ್ಲಷ್ಟೇ ಅಲ್ಲ: ಈಗ ಗಾಗಲ್ಸಿಗೆ ಮೊದಲಿನಷ್ಟು ನೀರು ನುಗ್ಗುತ್ತಿಲ್ಲ.

ಫಲಶ್ರುತಿ: ಈ ಶಾಸ್ತ್ರವನ್ನು ಶ್ರದ್ಧೆಯಿಂದ ಪಠಿಸಿದವರಿಗೂ ರಿಯಾಯಿತಿಯಿಲ್ಲ. 71ನೇ ನಿಮಿಷಕ್ಕೆ ದಡ ಸೇರಿದರೆ ಕಾಲಿಗೆ ಕಟ್ಟಿದ ಟೈಮಿಂಗ್ ಚಿಪ್ ಬಿಚ್ಚಿಸಿಕೊಳ್ಳುತ್ತಾರೆ, ಸೈಕಲ್ ಹತ್ತಲು ಬಿಡುವುದಿಲ್ಲ.