ಖಾಲಿ ಕುರ್ಚಿಯ ಅಭಾವ ಮೀಮಾಂಸೆ

ಬೀದರ ಜಿಲ್ಲೆಯ ಸರ್ಕಾರಿ ವೈದ್ಯ ಸಂಸ್ಥೆಗಳಲ್ಲಿ ಇರುವವರ ಬಗ್ಗೆ ವರದಿಗಳು ಸಾಕಷ್ಟಿವೆ. ಇಲ್ಲದವರ ಬಗ್ಗೆ ಶಾಸ್ತ್ರೀಯ ಅಧ್ಯಯನ ನಡೆದಂತಿಲ್ಲ. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ. (ಕೊರತೆ ತುಂಬುವ ಕೆಲಸ ಕಾಗದದ ಮೇಲೆ ನಡೆಯುವುದೇ ವಾಡಿಕೆಯಾದ್ದರಿಂದ ಪ್ರಬಂಧಕಾರ ಸಂಪ್ರದಾಯ ಮುರಿದಿಲ್ಲ.) ಅಧ್ಯಯನ ಕ್ಷೇತ್ರ: ಬೀದರ ನಗರ, ಭಾಲ್ಕಿ, ಔರಾದ. ಅಧ್ಯಯನ ವಿಧಾನ: ಹೊರರೋಗಿ ವಿಭಾಗದ ಬೆಂಚಿನ ಮೇಲೆ ಚೀಟಿ ಹಿಡಿದು ಕೂರುವುದು.

ಮೊದಲು ಆಡಳಿತ ಪ್ರಕರಣ. ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜನರ ಬಾಯಲ್ಲಿ ಬ್ರಿಮ್ಸ್, 2007ರಲ್ಲಿ ಶುರುವಾಯಿತು. ಇದು ಸ್ವಾಯತ್ತ ಸಂಸ್ಥೆ. ಇದರ ಆಡಳಿತ ಮಂಡಳಿಗೆ ಅಧ್ಯಕ್ಷರು ವೈದ್ಯಕೀಯ ಶಿಕ್ಷಣ ಸಚಿವರು. ಇಲ್ಲಿ ಪೂರ್ವಪಕ್ಷ: ಸಚಿವರೇ ಅಧ್ಯಕ್ಷರು, ದುಡ್ಡು ಸರ್ಕಾರದ್ದು, ಹುದ್ದೆಗೆ ಆರ್ಥಿಕ ಇಲಾಖೆಯ ಸಹಮತಿ ಬೇಕು ಎಂದಮೇಲೆ ಸ್ವಾಯತ್ತತೆ ಎಲ್ಲಿದೆ? ಸಿದ್ಧಾಂತ: ಇಂಥ ಸಂಸ್ಥೆಗೆ ತನಗೆ ಏನೇನಿಲ್ಲ ಎಂದು ಬರೆದು ಕಳಿಸುವ ಸಂಪೂರ್ಣ ಸ್ವಾತಂತ್ರ್ಯವಿದೆ. ಕಡತ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಡುತ್ತದೆ. ರೋಗಿ 140 ಕಿಲೋಮೀಟರ್ ದೂರದ ಹೈದರಾಬಾದಿಗೆ ಹೊರಡುತ್ತಾನೆ. ಇಬ್ಬರಲ್ಲಿ ಮೊದಲು ತಲುಪುವವರಾರು ಎಂದು ಬಾಲಕರೂ ಹೇಳಬಲ್ಲರು.

ಇನ್ನು ಸಿಬ್ಬಂದಿ ಪ್ರಕರಣ. ತರ್ಕಶಾಸ್ತ್ರದ ನೈಯಾಯಿಕರು ಅಭಾವವನ್ನು, ಅಂದರೆ ಇಲ್ಲದಿರುವಿಕೆಯನ್ನು, ನಾಲ್ಕು ಬಗೆಯಾಗಿ ವಿಂಗಡಿಸಿದರು. ಅವರು ಔರಾದಿಗೆ ಬಂದವರಲ್ಲ, ಆದರೂ ವಿಂಗಡಣೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಹುದ್ದೆ ಮಂಜೂರಾಗಿದೆ, ಆಸಾಮಿ ಇನ್ನೂ ಬಂದಿಲ್ಲ: ಇದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತದೆ ಶಾಸ್ತ್ರ. ಎರಡನೆಯ ಮಾತನ್ನು ಆರ್ಥಿಕ ಇಲಾಖೆ ಇನ್ನೂ ಒಪ್ಪಿಲ್ಲ. ಬಂದು, ಹಾಜರಾತಿ ಹಾಕಿ, ವರ್ಗ ಮಾಡಿಸಿಕೊಂಡು ಹೋದರೆ ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಇಲ್ಲಿ ಶಾಸ್ತ್ರಕ್ಕೂ ಇಲಾಖೆಗೂ ಭಿನ್ನಮತವಿಲ್ಲ. ಮೂರು ಕಾಲದಲ್ಲೂ ಇಲ್ಲದ್ದು ಅತ್ಯಂತಾಭಾವ. ತಾಲ್ಲೂಕು ಆಸ್ಪತ್ರೆಯಲ್ಲಿ ನರರೋಗ ತಜ್ಞರನ್ನು ಕೇಳಿದವರಿಗೆ ಇದರ ಸಾಕ್ಷಾತ್ಕಾರವಾಗುತ್ತದೆ.

ನಾಲ್ಕನೆಯದು ಅನ್ಯೋನ್ಯಾಭಾವ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಹಾಗೆಯೇ ಸಂಬಳ ಬರೆಯುವ ಊರು ಕೆಲಸದ ಊರಲ್ಲ, ಕೆಲಸದ ಊರು ಸಂಬಳದ ಊರಲ್ಲ. ಲೋಕದಲ್ಲಿ ಇದನ್ನು ನಿಯೋಜನೆ ಎನ್ನುವರು. ಯಾವುದೇ ತಾಲ್ಲೂಕಿನ ಯಾವುದೇ ಬಾಗಿಲಲ್ಲಿ ಈ ಸಂವಾದ ಕೇಳಬಹುದು. “ಡಾಕ್ಟರ್ ಸಾಹೇಬ್ರು ಅದಾರೇನ್ರಿ ಅಣ್ಣಾ?” “ಅದಾರವ್ವಾ, ಖರೆ ಇಲ್ಲಿಲ್ಲ.” ಆರು ತಿಂಗಳು ತರ್ಕಶಾಸ್ತ್ರ ಓದಿದರೂ ದಕ್ಕದ ಸೂಕ್ಷ್ಮವನ್ನು ಡಿ ದರ್ಜೆಯ ನೌಕರನೊಬ್ಬ, ಅದೂ ಹೊರಗುತ್ತಿಗೆಯವನು, ಬೀಡಿ ಆರಿಸುವಷ್ಟರಲ್ಲಿ ಹೇಳಿ ಮುಗಿಸುತ್ತಾನೆ.

ಈ ನಾಲ್ಕಕ್ಕೂ ಮದ್ದಾಗಿ ಆಡಳಿತಶಾಸ್ತ್ರ ಕಂಡುಹಿಡಿದದ್ದು ‘ಪ್ರಭಾರ’. ಒಬ್ಬ ಮನುಷ್ಯ, ಎರಡು ಕುರ್ಚಿ, ಮೂರು ಮೊಹರು. ಪ್ರಭಾರಿಗೆ ಸಹಿಯಿದೆ, ಧೈರ್ಯವಿಲ್ಲ. ‘ಕಾಯಂ ಸಾಹೇಬರು ಬಂದಮೇಲೆ ಮಂಡಿಸಿ’ ಎಂದು ಷರಾ ಬರೆಯುತ್ತಾನೆ. ಅವನನ್ನು ದೂರುವಂತಿಲ್ಲ. ಮೊಹರಿನ ಭಯ ಬೀದರಿನ ಮಣ್ಣಿನಲ್ಲೇ ಇದೆ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ, ಬಹಮನಿ ಸುಲ್ತಾನನ ವಜೀರ ಮಹಮೂದ್ ಗವಾನ್ ಇರಾನಿನ ಗೀಲಾನದಿಂದ ಬಂದವನು. ದಖ್ಖನಿಗಳಿಗೂ ಪರದೇಶಿಗಳಿಗೂ ಹುದ್ದೆಗಳನ್ನು ಸಮನಾಗಿ ಹಂಚಲು ಹೋದ. ಆಗದವರು ಅವನ ಮೊಹರು ಬಿದ್ದ ಖಾಲಿ ಕಾಗದ ಗಿಟ್ಟಿಸಿ ಅದರ ಮೇಲೆ ರಾಜದ್ರೋಹದ ಪತ್ರ ಬರೆದರು. 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಸ್ಥಳೀಯ ವೃಂದ, ಹೊರಗಿನ ವೃಂದದ ಜಗಳದಲ್ಲಿ ಈ ಊರಿಗೆ ಐದು ಶತಮಾನದ ಹಿರಿತನವಿದೆ.

ಆ ಜಗಳವನ್ನು ಈಗ ಸಂವಿಧಾನವೇ ತೀರಿಸಿದೆ. 371(ಜೆ) ವಿಧಿಯಡಿ 2013ರಲ್ಲಿ ಹೊರಟ ಆದೇಶದಂತೆ ಇಲ್ಲಿನ ಎ ಮತ್ತು ಬಿ ದರ್ಜೆಯಲ್ಲಿ ಶೇ. 75, ಸಿಯಲ್ಲಿ ಶೇ. 80, ಡಿಯಲ್ಲಿ ಶೇ. 85 ಹುದ್ದೆ ಈ ಭಾಗದವರಿಗೆ ಮೀಸಲು. ಹೋರಾಡಿ ಪಡೆದ ಹಕ್ಕು, ನಗುವ ವಿಷಯವಲ್ಲ. ಆದರೆ ಗಣಿತ ಗಣಿತವೇ: ಭರ್ತಿಯಾಗದ ಪ್ರತಿ ನೂರು ವೈದ್ಯರ ಹುದ್ದೆಯಲ್ಲಿ ಎಪ್ಪತ್ತೈದರ ಖಾಲಿತನ ಸಂವಿಧಾನಬದ್ಧವಾಗಿ ನಮ್ಮದೇ.

ರಾಷ್ಟ್ರೀಯ ವೈದ್ಯಕೀಯ ಆಯೋಗದ ಕೊಡುಗೆಯನ್ನೂ ಸ್ಮರಿಸಬೇಕು. ಬೋಧಕರ ಕೊರತೆಯಂಥ ಲೋಪಗಳಿಗಾಗಿ 2024ರಲ್ಲಿ ಅದು ರಾಜ್ಯದ ಹಲವು ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ 2 ಲಕ್ಷದಿಂದ 15 ಲಕ್ಷದವರೆಗೆ ದಂಡ ಹಾಕಿತು. ಒಬ್ಬ ಪ್ರಾಧ್ಯಾಪಕರ ವರ್ಷದ ಸಂಬಳ ಇದಕ್ಕಿಂತ ಹೆಚ್ಚು. ಒಂದು ಸರ್ಕಾರದ ಜೇಬಿನಿಂದ ತೆಗೆದು ಇನ್ನೊಂದರ ಜೇಬಿಗೆ ಹಾಕುವ ಈ ವಿಧಾನದಲ್ಲಿ ರೋಗಿಗೆ ನಯಾಪೈಸೆ ಖರ್ಚಿಲ್ಲ, ಲಾಭವೂ ಇಲ್ಲ. 2025ರಲ್ಲಿ ಬೋಧಕರ ಹಾಜರಿಗೆ ಮುಖ ಗುರುತಿಸುವ ತಂತ್ರಾಂಶ ಬಂತು. ಇಲ್ಲದವರ ಮುಖ ಹಿಡಿಯುವ ತಂತ್ರಾಂಶ ಬರಬೇಕಿದೆ. ಅದೇ ವರ್ಷದ ಇನ್ನೊಂದು ನಿಯಮದಂತೆ, 220 ಅಥವಾ ಹೆಚ್ಚು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ ತಜ್ಞರು ಸಹ ಪ್ರಾಧ್ಯಾಪಕರಾಗಬಹುದು. ಒಳ್ಳೆಯ ನಿಯಮವೇ. ಆ ತಜ್ಞರನ್ನು ಹತ್ತು ವರ್ಷ ಒಂದೇ ಊರಲ್ಲಿ ನಿಲ್ಲಿಸುವ ನಿಯಮ ಮಾತ್ರ ಬಾಕಿ.

ಸಂಶೋಧನೆಯ ಬಗ್ಗೆ ಎರಡೇ ಮಾತು. ಲೇಖನ ಪ್ರಕಟಿಸದೆ ಬೋಧಕರಿಗೆ ಬಡ್ತಿಯಿಲ್ಲ, ಹೀಗಾಗಿ ಸಂಶೋಧನೆ ನಿಲ್ಲುವ ಭಯವಿಲ್ಲ. ಮೂರು ವಿಭಾಗದ ಪ್ರಭಾರ ಹೊತ್ತವನು ಅದನ್ನು ಯಾವ ಹೊತ್ತಿನಲ್ಲಿ ಮಾಡುತ್ತಾನೆ ಎಂಬುದೇ ಸಂಶೋಧನೆಗೆ ಅರ್ಹವಾದ ವಿಷಯ.

ಕೊನೆಗೆ ಒಂದು ಅರಿಕೆ. ಆಡಳಿತ ಮಂಡಳಿಯವರು ವರ್ಷಕ್ಕೊಂದು ಸಭೆಯನ್ನಾದರೂ ಔರಾದಿನಲ್ಲಿ ಇಡಲಿ, ಬೀದರಿನಿಂದ ಕೆಂಪು ಬಸ್ಸಿನಲ್ಲೇ ಬರಲಿ, ಮರಳುವಾಗ ಸುತ್ತು ಬಳಸಿ ಭಾಲ್ಕಿಯಲ್ಲೂ ಇಳಿದು ನೋಡಲಿ. ಕೋರಂ ಆಗದಿದ್ದರೆ ಗೈರುಹಾಜರಾದವರು ಯಾವ ಅಭಾವಕ್ಕೆ ಸೇರುತ್ತಾರೆಂದು ತಿಳಿಸಲು ಪ್ರಬಂಧಕಾರ ಸಿದ್ಧನಿದ್ದಾನೆ. ಸಂಬಳ ಬೇಡ, ಪ್ರಭಾರ ಸಾಕು.