ಹಿನ್ನಡೆ ಲಕ್ಷಣ: ಒಂದು ಬ್ಯಾರನ್ ಭಾಷ್ಯ

ಶಾಸ್ತ್ರ ಬರೆಯುವವನು ಮೊದಲು ಲಕ್ಷಣ ಹೇಳಬೇಕು. ಉದ್ಯೋಗದಲ್ಲಿ ಹಿನ್ನಡೆ ಎಂದರೇನು? ‘ಹಿಂದಕ್ಕೆ ನಡೆಯುವುದು’ ಎಂದರೆ ಅವ್ಯಾಪ್ತಿ ದೋಷ ಬರುತ್ತದೆ. ಬೆಂಗಳೂರಲ್ಲಿ ಕೆಲಸ ಕಳೆದುಕೊಂಡವನು ನಮ್ಮೂರು ಕೊಣನೂರಿಗೆ ನಡೆದು ಬರುವುದಿಲ್ಲ, ಬಸ್ಸಲ್ಲಿ ಬರುತ್ತಾನೆ, ಅದೂ ಮುಖ ಮುಂದಕ್ಕೇ ಇಟ್ಟುಕೊಂಡು. ‘ದೊಡ್ಡ ಬ್ಯಾಗಿನೊಡನೆ ಊರಿಗೆ ಬರುವುದು’ ಎಂದರೆ ಅತಿವ್ಯಾಪ್ತಿ. ಅಕ್ಕನ ಮಗಳ ಮದುವೆಗೆ ಬಂದವನೂ ಅದರೊಳಗೆ ಸಿಕ್ಕಿಬೀಳುತ್ತಾನೆ. ಟೀ ಅಂಗಡಿಯ ಬೆಂಚಿನ ಮೇಲೆ ಬಹುಕಾಲ ಕೂತು ನಾನು ಕಂಡುಕೊಂಡ ನಿರ್ದೋಷ ಲಕ್ಷಣ ಇದು: ‘ಈಗೇನ್ ಮಾಡ್ಕೊಂಡಿದ್ದೀಯಪ್ಪಾ?’ ಎಂಬ ಪ್ರಶ್ನೆಗೂ ಅದರ ಉತ್ತರಕ್ಕೂ ನಡುವೆ ಒಂದು ಗುಟುಕು ಟೀ ಒಳಗೆ ಹೋದರೆ ಅದು ಹಿನ್ನಡೆ, ವೈದ್ಯರ ಮಾತಿನಲ್ಲಿ ಸಾಧ್ಯ ವರ್ಗ. ಎರಡು ಗುಟುಕು ಹೋದರೆ ಕೃಚ್ಛ್ರಸಾಧ್ಯ. ಲೋಟ ಬರಿದಾದ ಮೇಲೆ ‘ಏನಾದ್ರೂ ಸ್ವಂತ ಮಾಡಣಾಂತ’ ಎಂದರೆ ಅಸಾಧ್ಯ.

ಪ್ರಮಾಣ ಯಾವುದು ಎಂದರೆ ಪ್ರತ್ಯಕ್ಷವೇ. ಮೂರು ಸಲ ನಾನೇ ಆ ಬೆಂಚಿನಲ್ಲಿ ಲೋಟ ಬರಿದು ಮಾಡಿದವನು. ಸಂಸ್ಕೃತ ಓದಿ ಅತಿಥಿ ಉಪನ್ಯಾಸಕನಾದದ್ದು ಮೊದಲನೆಯದು (ಅತಿಥಿ ಎಂಬ ಪದದ ಅರ್ಥ ಆಗ ಚೆನ್ನಾಗಿ ತಿಳಿಯಿತು). ಸರ್ಕಾರಿ ಪರೀಕ್ಷೆಗಳ ನಾಲ್ಕು ವರ್ಷ ಎರಡನೆಯದು. ಬೆಂಗಳೂರಿನ ಒಂದು ಕಂಪನಿಯಲ್ಲಿ ಪಂಪ್‌ಸೆಟ್ ಮಾರಲು ಹೋಗಿ ಟಾರ್ಗೆಟ್ ಮುಟ್ಟದೆ ವಾಪಸಾದದ್ದು ಮೂರನೆಯದು.

ಈಗ ವಿಭಾಗ. ಪರಕೃತ, ಸ್ವಕೃತ, ಒರತೆ, ಮುಳುಗಡೆ ಎಂದು ಹಿನ್ನಡೆ ನಾಲ್ಕು ಬಗೆ.

ಪರಕೃತಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ. 545 ಪಿಎಸ್ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ, 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ಬಂದದ್ದು 2024ರ ಜನವರಿಯಲ್ಲಿ. ಕದ್ದವರು ಯಾರೋ, ಮತ್ತೆ ಓದಿದವರು ಯಾರೋ. ಇಂಥ ಹಿನ್ನಡೆಯಿಂದ ‘ಪಾಠ ಕಲಿತೆಯಾ?’ ಎಂದು ಕೇಳುವುದು ಅಸಭ್ಯತೆ ಎಂದೇ ಶಾಸ್ತ್ರಕಾರನ ಮತ. ಸ್ವಕೃತದ ಬಗ್ಗೆ ಎಲ್ಲರಿಗೂ ಗೊತ್ತು, ಯಾರೂ ಒಪ್ಪುವುದಿಲ್ಲ. ಒರತೆ ಎಂದರೆ ಬಡ್ತಿ ಬರಲಿಲ್ಲ, ಬಡ್ತಿ ಬರಲಿಲ್ಲ ಎಂದು ಹದಿನೈದು ವರ್ಷ ಒಂದೇ ಸಮನೆ ತೊಟ್ಟಿಕ್ಕುವುದು.

ಮುಳುಗಡೆಗೆ ಬರೋಣ, ಇದು ನಮ್ಮ ಹಾಸನ ಜಿಲ್ಲೆಯ ಕೊಡುಗೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಎದ್ದಾಗ ಹಲವು ಊರು, ಗದ್ದೆ ನೀರಿನಡಿ ಹೋದವು. ಆ ಗೊರೂರಿನ ಜಿ.ಆರ್. ಗೋಪಿನಾಥ್ ಸೈನ್ಯ ಬಿಟ್ಟು ಬಂದಾಗ ಮನೆತನದ ಜಮೀನು ಜಲಾಶಯದ ಪಾಲಾಗಿತ್ತು. ಬದಲಿಗೆ ಸಿಕ್ಕ ಜಾವಗಲ್ಲಿನ ಬಂಜರಿನಲ್ಲಿ ಅವರು ತೆಂಗು ಇಟ್ಟರು, ರೇಷ್ಮೆ ಸಾಕಿದರು. ಹಾಸನದಲ್ಲಿ ಮೋಟಾರ್ ಸೈಕಲ್ ಏಜೆನ್ಸಿ, ತಿಂಡಿ ಹೋಟೆಲು. 1994ರಲ್ಲಿ ಗಂಡಸಿಯಿಂದ ವಿಧಾನಸಭೆಗೆ ನಿಂತು ಸೋತರು. 1996ರಲ್ಲಿ ರೇಷ್ಮೆ ಕೃಷಿಗೆ ರೋಲೆಕ್ಸ್ ಪ್ರಶಸ್ತಿ, 1997ರಲ್ಲಿ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್ ವಿಮಾನ ಕಂಪನಿ. ಅದು ಕಿಂಗ್‌ಫಿಷರ್ ಕೈ ಸೇರಿ ಹೆಸರು ಅಳಿಯಿತು, ಆಮೇಲೆ ಶುರುಮಾಡಿದ ಸರಕು ವಿಮಾನವೂ ನಿಂತಿತು. ಇವರನ್ನು ಯಾವ ವರ್ಗಕ್ಕೆ ಸೇರಿಸುವುದು? ಶಾಸ್ತ್ರ ಇಲ್ಲಿ ತಬ್ಬಿಬ್ಬಾಗುತ್ತದೆ. ಇನ್ನೊಂದು ಮಾತು. ಹೇಮಾವತಿಯಲ್ಲಿ ಗದ್ದೆ ಮುಳುಗಿದವರೆಲ್ಲ ವಿಮಾನ ಹಾರಿಸಲಿಲ್ಲ. ಹಾರದವರ ಹಿನ್ನಡೆಯೂ ಅದೇ ನೀರಿನದು, ಅವರದು ಪುಸ್ತಕವಾದದ್ದನ್ನು ನಾನು ಕಂಡಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ‘ಸೋಲೇ ಗೆಲುವಿನ ಮೆಟ್ಟಿಲು. ಪಕ್ಕದ ಹೊಳೆನರಸೀಪುರ ನೋಡಿ. 1989ರಲ್ಲಿ ದೇವೇಗೌಡರು ಅಲ್ಲಿ ಸೋತರು, 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು, 1994ರಲ್ಲಿ ಮುಖ್ಯಮಂತ್ರಿ, 1996ರಲ್ಲಿ ಪ್ರಧಾನಿ.’ ನಿಜ. ಆದರೆ 1999ರಲ್ಲಿ ಹಾಸನದಲ್ಲೇ ಮತ್ತೆ ಸೋತರು, ಆ ಮೆಟ್ಟಿಲು ಎಲ್ಲಿಗೆ ಹೋಯಿತು ಎಂದು ಪೂರ್ವಪಕ್ಷಿ ಹೇಳುವುದಿಲ್ಲ. ಮೆಟ್ಟಿಲು ಎಂದ ಮೇಲೆ ಇಳಿಯುವುದಕ್ಕೂ ಇರುತ್ತದೆ. ರಾಮನಾಥಪುರದಲ್ಲಿ ಮೆಟ್ಟಿಲಿಳಿದರೆ ಸಿಗುವುದು ಕಾವೇರಿ, ಪುರಿ ಎಸೆದರೆ ಮೀನು.

ಸಿದ್ಧಾಂತಕ್ಕೆ ಬ್ಯಾರನ್ ಬೇಕು. ನಮ್ಮ ಕಡೆ ವರ್ಜೀನಿಯಾ ಹೊಗೆಸೊಪ್ಪು ಹದ ಮಾಡುವ ಮನೆಗೆ ಬ್ಯಾರನ್ ಎನ್ನುತ್ತೇವೆ. ಕಡ್ಡಿಗೆ ಕಟ್ಟಿದ ಹಸಿ ಎಲೆಯನ್ನು ಒಳಗೆ ಸಾಲು ಸಾಲಾಗಿ ತೂಗುಹಾಕಿ ಐದಾರು ದಿನ ಬಿಸಿ ಕೊಡಬೇಕು. ಮೊದಲ ಘಟ್ಟದಲ್ಲಿ 35ರಿಂದ 40 ಡಿಗ್ರಿ, ತೇವ ಕಾದುಕೊಂಡು. ಆಗ ಎಲೆ ಕಿತ್ತಿದ್ದರೂ ಸತ್ತಿರುವುದಿಲ್ಲ, ತನ್ನೊಳಗಿನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತ ಹಳದಿಗೆ ತಿರುಗುತ್ತದೆ. ಆಮೇಲೆ ನಿಧಾನ ಏರಿಸಿ, ಗಾಳಿ ಬಿಟ್ಟು ಬಣ್ಣ ಕೂರಿಸಬೇಕು. ಕೊನೆಗೆ 70ರ ಸುಮಾರಿಗೆ ನಡುದಿಂಡು ಒಣಗಬೇಕು. ಅವಸರಪಟ್ಟು ಮೊದಲೇ ಬೆಂಕಿ ಜೋರು ಮಾಡಿದರೆ ಎಲೆ ಹಸಿರಾಗಿಯೇ ಸಾಯುತ್ತದೆ, ಮತ್ತೆ ಎಷ್ಟು ಸೌದೆ ಉರಿಸಿದರೂ ಹಳದಿಯಾಗದು. ಹಳದಿಯಾದ ಮೇಲೂ ಬಿಸಿ ಏರಿಸದೆ ಕೂತರೆ ಕಂದಿ ಹೋಗುತ್ತದೆ. ರಾತ್ರಿಯಿಡೀ ಸಣ್ಣ ಕಿಟಕಿಯ ಗಾಜಿಗೆ ಟಾರ್ಚು ಹಿಡಿದು ಅಪ್ಪ ನೋಡುತ್ತಿದ್ದದ್ದು ಇದನ್ನೇ.

ಕೆಲಸ ಹೋದ ಮರುದಿನವೇ ‘ಇದರಿಂದ ನಾನು ಕಲಿತ ಐದು ಪಾಠಗಳು’ ಎನ್ನುವವರು ಹಸಿರು ಎಲೆಗಳು. ಹತ್ತು ವರ್ಷವಾದರೂ ಹಳೇ ಮ್ಯಾನೇಜರನನ್ನು ಬೈಯುತ್ತಿರುವವರು ಕಂದಿದವರು. ಹದವಾಗಿ ಹಳದಿಯಾದದ್ದಕ್ಕೆ ಕಾದಂಬರಿಕಾರ, ಸಂತೇಶಿವರದ ಎಸ್.ಎಲ್. ಭೈರಪ್ಪನವರನ್ನು ನೆನೆಯಿರಿ. ಬಾಲ್ಯದಲ್ಲೇ ಪ್ಲೇಗಿಗೆ ತಾಯಿಯನ್ನು ಕಳಕೊಂಡು, ಓದು ಅರ್ಧಕ್ಕೆ ನಿಂತು, ಮುಂಬಯಿಯಲ್ಲಿ ಹಮಾಲಿ ಮಾಡಿದವರು ಆ ಕತೆಯನ್ನು ‘ಭಿತ್ತಿ’ಯಾಗಿ ಹೊರತಂದದ್ದು 1996ರಲ್ಲಿ, ಅಷ್ಟು ಹೊತ್ತಿಗೆ ಮೇಷ್ಟರ ಕೆಲಸದಿಂದ ನಿವೃತ್ತರೂ ಆಗಿದ್ದರು.

ಆದರೂ ಬ್ಯಾರನ್ನಲ್ಲಿ ದರ್ಜೆ ಗೊತ್ತಾಗದು. ಬ್ರೈಟ್, ಮೀಡಿಯಂ, ಲೋ ಎನ್ನುವುದು ಹೊರಗೆ, ಹಗಲ ಬೆಳಕಲ್ಲಿ. ಒಂದು ವರ್ಷ ರಾಮನಾಥಪುರದ ಹರಾಜು ಕಟ್ಟೆಯಲ್ಲಿ ನಮ್ಮ ಒಂದು ಬೇಲನ್ನು ಯಾರೂ ಕೂಗಲಿಲ್ಲ. ಮನೆಗೆ ವಾಪಸು ತಂದೆವು. ನಾನು ತರ್ಕ ಹೇಳಲು ಬಾಯಿ ತೆರೆದೆ. ಅಪ್ಪ, ‘ಬುಡ್ಲಾ, ಬಿಚ್ ನೋಡಣ’ ಎಂದು ಹಗ್ಗ ಕತ್ತರಿಸಿದರು. ಒಳ್ಳೆಯ ಎಲೆಯ ನಡುವೆ ಹಸಿರು ಸೇರಿ ಹೋಗಿತ್ತು. ರಾತ್ರಿ ಕೂತು ಬೇರೆ ಮಾಡಿದೆವು, ಎರಡು ಬೇಲಾಯಿತು, ಎರಡಕ್ಕೂ ಬೆಲೆ ಬಂತು, ಒಂದಕ್ಕೆ ಚೆನ್ನಾಗಿಯೇ.

ಪಂಪ್‌ಸೆಟ್ ಕಂಪನಿಯ ಆ ಎರಡು ವರ್ಷವನ್ನು ನಾನು ಬಿಚ್ಚಿ ನೋಡಿದ್ದು ಆಮೇಲೆ. ಮಾರುವುದರಲ್ಲಿ ನಾನು ಅಪ್ಪಟ ಹಸಿರು. ಆದರೆ ಗಿರಾಕಿಗಳು ಬೈದು ವಾಪಸು ಕಳಿಸಿದ ಮೋಟಾರುಗಳನ್ನು ಗೋಡೌನಿನಲ್ಲಿ ಬಿಚ್ಚಿ, ಸುಟ್ಟ ಕಾಯಿಲ್ ಯಾವುದು, ತಿಂದ ಬೇರಿಂಗ್ ಯಾವುದು ಎಂದು ಹುಡುಕುತ್ತ ಕೂತ ಮಧ್ಯಾಹ್ನಗಳಲ್ಲಿ ಊಟದ ಹೊತ್ತೇ ಮರೆತುಹೋಗುತ್ತಿತ್ತು. ಆ ಮಧ್ಯಾಹ್ನಗಳಿಗೆ ಯಾರೂ ಟಾರ್ಗೆಟ್ ಕೊಟ್ಟಿರಲಿಲ್ಲ.

ಮೊನ್ನೆ ಅದೇ ಬೆಂಚು. ಹೊಳೆಯಾಚೆಯ ಹಿರಿಯರೊಬ್ಬರು ಪಕ್ಕ ಕೂತು, ‘ಈಗೇನ್ ಮಾಡ್ಕೊಂಡಿದ್ದೀಯಪ್ಪಾ?’ ಎಂದರು. ಟೀ ಇನ್ನೂ ಬಂದಿರಲಿಲ್ಲ. ‘ಮೋಟ್ರು ವೈಂಡಿಂಗು’ ಅಂದೆ. ಅವರು ಎದ್ದು ಹೋಗಿ ಆಟೋದಿಂದ ಐದು ಎಚ್‌ಪಿಯ ಮೋಟಾರೊಂದನ್ನು ಇಳಿಸಿದರು.